ಹೂಂಕಾರ

‘ಹೂಂ’ ಎಂದಮೇಲೆ, ತಾನು ಯಾವುದಕ್ಕೆ ಹೂಂ ಎಂದೆ ಎಂದು ಅಚಿಂತ್ಯ ಯೋಚಿಸತೊಡಗಿದ. ಅಷ್ಟರಲ್ಲಿ ಅಪ್ಪ ಎದ್ದು ಫೋನು ಹುಡುಕುತ್ತಿದ್ದರು.

‘ಹಾಗಾದ್ರೆ ಶನಿವಾರ ಸಂಜೆ ಅಂತ ಸಂಘದವರಿಗೆ ಹೇಳ್ಬಿಡ್ತೀನಿ. ಶಾಲು, ಹಾರ, ಹಣ್ಣಿನ ತಟ್ಟೆ, ಎಲ್ಲಾ ಅವರದೇ. ನೀನು ಎರಡು ಮಾತಾಡ್ಬೇಕಾಗುತ್ತೆ ಕಣೋ. ಕನ್ನಡದಲ್ಲೇ ಆಡು, ಹಿಂದಿ ಗಿಂದಿ ಬೆರೆಸ್ಬೇಡ.’

ಸನ್ಮಾನಕ್ಕೆ ಹೂಂ ಎಂದಿದ್ದ. ಗೋರೆಗಾಂವ್‌ನ ಅವರ ಕನ್ನಡ ಸಂಘ ಪ್ರತಿವರ್ಷ ಒಬ್ಬ ಸಾಧಕನನ್ನು ಹಿಡಿದು ಶಾಲು ಹೊದಿಸುತ್ತಿತ್ತು. ಕಳೆದ ವರ್ಷ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕಿದ್ದರು. ಈ ವರ್ಷ ಯಾರೂ ಸಿಗದೆ ಒದ್ದಾಡುತ್ತಿದ್ದಾಗ ನಿವೃತ್ತ ಬ್ಯಾಂಕ್ ಅಧಿಕಾರಿ ಶಾಮಣ್ಣನವರು ತಮ್ಮ ಮಗನನ್ನು ಮುಂದೆ ತಳ್ಳಿದ್ದರು. ಹಾಳೂರಿಗೆ ಉಳಿದವನೇ ಗೌಡ.

‘ಅಪ್ಪ, ನಾನಿನ್ನೂ ಕಂಟ್ರೋಲರ್ ಆಗಿಲ್ಲ’ ಎಂಬ ಮಾತು ಅವನ ಬಾಯಲ್ಲಿ ಸಿದ್ಧವಾಗಿತ್ತು. ತಿಂಗಳುಗಳಿಂದ ಸಿದ್ಧವಾಗಿಯೇ ಇತ್ತು. ಅದನ್ನು ಇಡ್ಲಿಯ ಜೊತೆ ನುಂಗಿದ.

ಎಂ.ಎಸ್ಸಿ. ಮುಗಿಸಿ, ವರ್ಷಗಟ್ಟಲೆ ಪರೀಕ್ಷೆ ಬರೆದು, ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲರ್ ಕೆಲಸಕ್ಕೆ ಅವನು ಆಯ್ಕೆಯಾಗಿದ್ದ. ಲಿಖಿತ ಪರೀಕ್ಷೆಯ ಮೇಲೆ ಧ್ವನಿ ಪರೀಕ್ಷೆ ಬೇರೆ. ಮೈಕಿನ ಮುಂದೆ ಕೂರಿಸಿ ಒಂದು ಪುಟ ಓದಿಸಿ, ತೊದಲುವವರನ್ನು ಮನೆಗೆ ಕಳಿಸಿದ್ದರು. ಅಚಿಂತ್ಯನದು ಸ್ಪಷ್ಟ ಕಂಠ ಎಂದು ತೀರ್ಮಾನವಾಯಿತು. ಆ ಕಂಠಕ್ಕೆ ಹೇಳುವುದು ಏನಾದರೂ ಇದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ದೂರದ ಕಾಲೇಜೊಂದರಲ್ಲಿ ತರಬೇತಿ ಕೊಟ್ಟು ಮುಂಬಯಿಗೆ ಹಾಕಿದರು.

ಇಲ್ಲಿ ಕೊನೆಯ ಬಾಗಿಲೊಂದಿತ್ತು. ಅದಕ್ಕೆ ಬೋರ್ಡು ಎನ್ನುತ್ತಿದ್ದರು. ಸಿಮ್ಯುಲೇಟರ್ ಕೋಣೆಯ ಪರದೆಯ ಮೇಲೆ ಸುಳ್ಳು ರನ್‌ವೇ, ಸುಳ್ಳು ವಿಮಾನ. ಪರೀಕ್ಷಕರ ಎದುರು ಅವನ್ನು ಇಳಿಸಿ ಹಾರಿಸಿ ತೋರಿಸಬೇಕು. ಪಾಸಾದವನಿಗೆ ನಿಜವಾದ ಟವರ್, ನಿಜವಾದ ಆಕಾಶ. ಮೂರು ಸಲ ಅವಕಾಶ. ಅಚಿಂತ್ಯ ಎರಡು ಸಲ ಫೇಲಾಗಿದ್ದ. ಇವತ್ತು ಮಧ್ಯಾಹ್ನ ಮೂರನೆಯದು. ಇದರಲ್ಲೂ ಬಿದ್ದರೆ ಸಂಬಳವೇನೂ ನಿಲ್ಲುವುದಿಲ್ಲ. ಕಿಟಕಿಯಿಲ್ಲದ ಯಾವುದೋ ವಿಭಾಗದಲ್ಲಿ ಕೂರಿಸುತ್ತಾರೆ. ಜೀವಮಾನವಿಡೀ ಮೈಕ್ ಮುಟ್ಟುವ ಹಾಗಿಲ್ಲ.

ಮೊದಲ ಸಲ ಫೇಲಾಗಿ ಬಂದ ದಿನ ಅಪ್ಪ ಬಾಗಿಲಲ್ಲೇ ನಿಂತು ‘ಆಯ್ತೇನೋ?’ ಎಂದು ಕೇಳಿದ್ದರು. ‘ಹೂಂ’ ಎಂದಿದ್ದ. ಪರೀಕ್ಷೆ ಆಯಿತು ಎಂಬ ಅರ್ಥದಲ್ಲಿ. ಅವನು ಚಪ್ಪಲಿ ಬಿಡುವುದರೊಳಗೆ ಅಪ್ಪ ಮೈಸೂರಿಗೆ ಫೋನು ಹಚ್ಚಿದ್ದರು. ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಪೇಡಾ ಹಂಚಿಯಾಯಿತು. ಪೇಡಾ ತಿಂದ ಬಾಯಿಗಳಿಗೆ ಸತ್ಯ ಹೇಳುವುದು ಹೇಗೆ? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಕೇಳಿದ್ದೇವೆ. ಇಲ್ಲಿ ಕುಲಾವಿಗೆ ಹೊಂದುವ ಕೂಸನ್ನು ಅವನು ಹೆರಬೇಕಾಗಿತ್ತು.

ಇವತ್ತು ಪಾಸಾದರೆ ಆ ಸುಳ್ಳು ಹಿಂದಿನಿಂದಲೇ ನಿಜವಾಗಿಬಿಡುತ್ತಿತ್ತು. ಅವನಿಗೆ ಬೇಕಾಗಿದ್ದುದು ಅಷ್ಟೇ. ವಿಮಾನಗಳ ಮೇಲೆ ಅವನಿಗೆ ಎಂದೂ ಅಂಥ ಪ್ರೀತಿಯಿರಲಿಲ್ಲ.

‘ಚಟ್ನಿ ಇನ್ನೊಂಚೂರು ಹಾಕ್ಲಾ?’ ಅಮ್ಮ ಕೇಳಿದರು.

‘ಹೂಂ.’

‘ಬೇಡ್ವಾ?’

‘ಹೂಂ.’

ವಿಮಲಮ್ಮ ನಕ್ಕರು. ‘ಮಗು ಆಗಿದ್ದಾಗಿಂದ್ಲೂ ಇವನು ಹೀಗೇ. ಅತ್ತೆ ಕಥೆ ಹೇಳೋರು. ಹೂಂ ಅನ್ನದಿದ್ರೆ ಕಥೆ ನಿಲ್ಲಿಸ್ಬಿಡೋರು. ಇವನು ನಿದ್ದೆ ಹೋದ್ಮೇಲೂ ಹೂಂ ಹೂಂ ಅಂತಲೇ ಇರೋನು. ಪಾಪ ಅತ್ತೆ, ಮಲಗಿದ ಮಗೂಗೆ ಕಥೆಯೆಲ್ಲಾ ಪೂರ್ತಿ ಹೇಳಿದಾರೆ.’

ಅಮ್ಮ ಇದನ್ನು ಮಗನ ಜಾಣತನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದರು. ಅದೇ ಅಜ್ಜಿ ಅವನಿಗೆ ಅಚಿಂತ್ಯ ಎಂದು ಹೆಸರಿಟ್ಟದ್ದು. ಚಿಂತೆಗೆ ನಿಲುಕದವನು ಎಂದು ಅರ್ಥವಂತೆ. ಚಿಂತೆ ಬಿಟ್ಟರೆ ಬೇರೆ ಉದ್ಯೋಗವಿಲ್ಲದವನಿಗೆ ಹೆಸರೇನೋ ಚೆನ್ನಾಗಿತ್ತು.

‘ಹೋಗ್ಬಾ’ ಎಂದರು ಅಪ್ಪ. ‘ವಿಮಾನ ಜೋಪಾನ.’

ಲೋಕಲ್‌ನಲ್ಲಿ ಬಾಗಿಲ ಹತ್ತಿರ ಜಾಗ ಸಿಕ್ಕಿತು. ಜಾಗ ಎಂದರೆ ಎರಡು ಪಾದಗಳಲ್ಲಿ ಒಂದಕ್ಕೆ. ಅವನು ತುಟಿ ಅಲುಗಿಸದೆ ಅಭ್ಯಾಸ ಶುರುಮಾಡಿದ. ‘ನೆಗೆಟಿವ್. ನೆಗೆಟಿವ್. ನೆಗೆಟಿವ್.’

ಈ ಉದ್ಯೋಗದ ಜೀವವಿರುವುದು ಮರುನುಡಿಯಲ್ಲಿ. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು. ಅವನು ತಿರುಗಿ ಹೇಳಿದ್ದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು. ಅದರಲ್ಲಿ ತಪ್ಪಿದ್ದರೆ ಒಡನೆ ‘ನೆಗೆಟಿವ್’ ಎಂದು ತಡೆಯಬೇಕು. ಇಲ್ಲ ಎನ್ನುವುದಕ್ಕೆ ಅಲ್ಲಿ ಅದೇ ಪದ. ಲೋಕದಲ್ಲಿ ಇಲ್ಲ ಎನ್ನುವುದಕ್ಕಾಗಿಯೇ ಸಂಬಳ ಕೊಡುವ ಕೆಲಸಗಳು ಎಷ್ಟಿವೆಯೋ. ಅಂಥದ್ದೊಂದನ್ನು ಹುಡುಕಿಕೊಂಡು ಹೋಗಿದ್ದ ಅಚಿಂತ್ಯ, ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ.

ಹೌದು ಎಂದವನೂ ಅಲ್ಲ. ಅವನದು ಹೂಂ. ಹೂಂ ಎಂದರೆ ಕೇಳಿಸಿತು. ಹೂಂ ಎಂದರೆ ಮುಂದೆ ಹೇಳು. ಹೂಂ ಎಂದರೆ ನೋಡೋಣ. ಹೂಂ ಎಂದರೆ ಸಾಕು ಮಾಡು ಮಾರಾಯ. ಹೇಳಿದವನು ತನಗೆ ಬೇಕಾದದ್ದನ್ನು ತುಂಬಿಕೊಂಡು ಸಂತೋಷವಾಗಿ ಹೋಗುತ್ತಾನೆ. ಕೋಲೆಬಸವ ತಲೆಯಾಡಿಸಿದರೆ ಮದುವೆಯಾಗುತ್ತದೆ ಎಂದು ನಂಬಿ ಜನ ಕಾಸು ಹಾಕುವುದಿಲ್ಲವೇ? ಬಸವನನ್ನು ಯಾರೂ ಆಮೇಲೆ ಹೊಣೆ ಮಾಡುವುದಿಲ್ಲ ಎಂಬುದು ಮಾತ್ರ ವ್ಯತ್ಯಾಸ.

‘ನೆಗೆಟಿವ್’ ಎಂದುಕೊಂಡ.

‘ಭಾಯಿಸಾಬ್, ಅಂಧೇರಿ ಉತರ್ನಾ ಹೈ ಕ್ಯಾ?’ ಹಿಂದಿನಿಂದ ಯಾರೋ ಕೇಳಿದರು.

‘ಹೂಂ.’

ಅವನು ಇಳಿಯಬೇಕಾಗಿದ್ದುದು ಅದರ ಮುಂದಿನ ಸ್ಟೇಷನ್ನಿನಲ್ಲಿ, ಪಾರ್ಲೆಯಲ್ಲಿ. ಆದರೆ ಲೋಕಲ್‌ನಲ್ಲಿ ಆ ಪ್ರಶ್ನೆ ಕುಶಲೋಪರಿಯಲ್ಲ. ಹೂಂ ಎಂದವನು ಇಳಿಯುವವರ ಸಾಲಿಗೆ ಸೇರಿದ. ಅವನ ಬೆನ್ನಿಗೆ ಇಪ್ಪತ್ತು ಜನ ತಮ್ಮ ಭಾರ ಒಪ್ಪಿಸಿದರು. ಅಂಧೇರಿ ಬಂತು. ‘ನಹೀ, ನಹೀ’ ಎನ್ನುವಷ್ಟರಲ್ಲಿ ಅವನು ಪ್ಲಾಟ್‌ಫಾರ್ಮಿನ ಮೇಲಿದ್ದ. ಹಿಂದೆ ನಿಂತಿದ್ದವನು ಬೈದುಕೊಂಡು ಹೋದ: ‘ಬೋಲಾ ನಾ ಹಾಂ! ಫಿರ್?’

ಅವನಿಗೆ ನಗು ಬಂತು. ಆಮೇಲೆ, ನಗುವಂಥದ್ದೇನಿಲ್ಲ ಅನ್ನಿಸಿತು. ಮುಂದಿನ ಗಾಡಿಗೆ ಕಾಯದೆ ಹೊರಗೆ ಹೋಗಿ ರಿಕ್ಷಾ ಹಿಡಿದ.

ಕ್ಯಾಂಟೀನಿನಲ್ಲಿ ಯಕ್ಷಿತಾ ಕೂತಿದ್ದಳು. ಒಟ್ಟಿಗೇ ತರಬೇತಿ ಪಡೆದವಳು. ಮೊದಲ ಸಲಕ್ಕೇ ಬೋರ್ಡು ಪಾಸಾಗಿ ಈಗ ಟವರಿನಲ್ಲಿ ಕೆಲಸ ಮಾಡುವವಳು. ದಹಿಸರ್‌ನಲ್ಲಿ ಸಣ್ಣ ಉಡುಪಿ ಹೋಟೆಲಿಟ್ಟ ಕೊರಗಣ್ಣನ ಮಗಳು. ಅವನನ್ನು ಕಂಡು ಎದುರಿನ ಕುರ್ಚಿಯಿಂದ ತನ್ನ ಚೀಲ ತೆಗೆದಳು.

‘ಎಂತ, ಮುಖ ಹೀಗೆ ಮಾಡ್ಕೊಂಡು ಬಂದದ್ದು?’

‘ಏನಿಲ್ಲ. ಅಂಧೇರಿಯಲ್ಲಿ ಇಳಿದೆ.’

‘ಯಾಕೆ?’

‘ಸುಮ್ನೆ.’

ಅವಳು ಚಹಾ ಕುಡಿದು ಮುಗಿಸಿದಳು. ‘ಇವತ್ತು ನಿನ್ನ ಬೋರ್ಡಿಗೆ ಪೈಲಟ್ ನಾನೇ. ಸ್ನೇಹಲ್ ಮೇಡಂ ಹೇಳಿದ್ರು.’

ಸಿಮ್ಯುಲೇಟರಿನ ವಿಮಾನಗಳಲ್ಲಿ ಪೈಲಟ್‌ಗಳಿರುವುದಿಲ್ಲ. ಪಕ್ಕದ ಕೋಣೆಯಲ್ಲಿ ಒಬ್ಬರು ಕೂತು, ಎಲ್ಲ ಪೈಲಟ್‌ಗಳ ಪರವಾಗಿ ಮಾತಾಡುತ್ತ, ಗುಂಡಿ ಒತ್ತಿ ವಿಮಾನಗಳನ್ನು ನಡೆಸುತ್ತಾರೆ. ಮಧ್ಯೆ ಬೇಕೆಂದೇ ಒಂದೆರಡು ತಪ್ಪು ಮರುನುಡಿ ಹೇಳುತ್ತಾರೆ. ಪರೀಕ್ಷೆ ಇರುವುದೇ ಅಲ್ಲಿ.

‘ನಾನಾದ್ರೆ ನಿಂಗೆ ಕಷ್ಟ ಆಗ್ತದಾ? ಹಾಗಿದ್ರೆ ಮೇಡಂಗೆ ಹೇಳು, ಬೇರೆಯವರನ್ನ ಕೂರಿಸ್ತಾರೆ. ಹೇಳ್ತೀಯಾ?’

‘ಹೂಂ.’

‘ಹೂಂ ಅಂದ್ರೆ?’

‘ನೋಡ್ತೀನಿ.’

ಅವಳು ಅವನ ಮುಖವನ್ನೇ ನೋಡಿದಳು. ಇದೇ ಮೇಜಿನ ಹತ್ತಿರ, ಕಳೆದ ವರ್ಷ, ‘ನಮ್ಮ ವಿಷಯ ಮನೆಯಲ್ಲಿ ಮಾತಾಡ್ಲಾ?’ ಎಂದು ಅವಳು ಕೇಳಿದಾಗಲೂ ಅವನು ಹೂಂ ಎಂದಿದ್ದ. ಅವಳು ಮಾತಾಡಿದಳು. ಅಳುವುದು, ಊಟ ಬಿಡುವುದು, ಮಾತು ಬಿಡುವುದು ಎಲ್ಲವನ್ನೂ ಮಾಡಿ ಕೊರಗಣ್ಣನನ್ನು ಒಪ್ಪಿಸಿದಳು. ಇನ್ನು ನಿನ್ನ ಅಪ್ಪ ಅಮ್ಮನನ್ನು ಯಾವಾಗ ನೋಡುವುದು ಎಂದು ಕೇಳಿದಾಗ, ‘ನಾನು ಹೂಂ ಅಂದಿದ್ದು, ಕೇಳಿಸ್ಕೊಂಡೆ ಅಂತ’ ಎಂದಿದ್ದ.

ಅದು ಸುಳ್ಳಾಗಿರಲಿಲ್ಲ ಎಂಬುದೇ ಅದರ ಹೇಸಿಗೆ. ‘ನಮ್ಮ ತುಳುವಿನಲ್ಲಿ ಅಂದ್ ಅಂದ್ರೆ ಹೌದು, ಅತ್ತ್ ಅಂದ್ರೆ ಅಲ್ಲ. ನಿಮ್ಮ ಮೈಸೂರಿನವರ ಈ ಹೂಂ ಎಂತದು ಮಾರಾಯ?’ ಎಂದು ಅವಳು ಆವತ್ತು ಕೇಳಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಅವನು ಅದಕ್ಕೂ ಹೂಂ ಎಂದಿದ್ದಿರಬೇಕು. ಈಗ ಸರಿಯಾಗಿ ನೆನಪಿಲ್ಲ.

‘ಭಾನುವಾರ ನನ್ನ ನೋಡ್ಲಿಕ್ಕೆ ಜನ ಬರ್ತಾರೆ’ ಎಂದಳು ಯಕ್ಷಿತಾ. ‘ಹಿತೇಶ್ ಅಂತ. ಬೈಕುಲ್ಲಾದಲ್ಲಿ ಹೋಟ್ಲು ಉಂಟು ಅವರದ್ದು.’

‘ಹೂಂ.’

‘ನಿಂಗೆ ಎಂತಾದ್ರೂ ಹೇಳ್ಲಿಕ್ಕುಂಟಾ?’

ಅವನಿಗೆ ನೋವಾಯಿತು. ನಿಜವಾದ ನೋವು. ಅದರ ಬೆನ್ನಲ್ಲೇ ಒಂದು ಸಮಾಧಾನವೂ ಆಯಿತು: ನೋವಾಗುತ್ತದೆ ಎಂದರೆ ಒಳಗೆ ಇನ್ನೂ ಏನೋ ಉಳಿದಿದೆ. ಆ ಸಮಾಧಾನವನ್ನು ಅನುಭವಿಸುತ್ತ ಕೂತುಬಿಟ್ಟ. ಉತ್ತರ ಹೇಳುವುದು ಮರೆಯಿತು.

‘ಟೈಮಾಯ್ತು’ ಎಂದು ಅವಳು ಎದ್ದಳು. ‘ಒಳ್ಳೇದಾಗ್ಲಿ.’

ಮೇಡಂಗೆ ಅವನು ಏನೂ ಹೇಳಲಿಲ್ಲ.

ಸ್ನೇಹಲ್ ಮೇಡಂ ಎತ್ತರದ ಹೆಂಗಸು. ಇಡೀ ವಿಭಾಗದಲ್ಲಿ ಅವರು ಧ್ವನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಏರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ‘ಪಿಛ್ಲಾ ಸಬ್ ಭೂಲ್ ಜಾವೋ’ ಎಂದರು. ‘ಸುನೋ, ಔರ್ ಬೋಲೋ. ಬಸ್, ಇತ್ನಾ ಹೀ ಕಾಮ್ ಹೈ.’ ಹಿಂದಿನದನ್ನು ಮರೆತು ಕೇಳುವುದು, ಹೇಳುವುದು, ಕೆಲಸ ಇಷ್ಟೇ ಎಂದು ಹೇಳಿ ಅವನ ಹಿಂದೆ ಹೋಗಿ ನಿಂತರು.

ಪರದೆ ಹೊತ್ತಿಕೊಂಡಿತು. ಮೂರು ಕಡೆಯಿಂದಲೂ ಬಿಸಿಲು, ಹುಲ್ಲು, ಕಪ್ಪು ರನ್‌ವೇ. ಮುಂಬಯಿಯ ಆಕಾಶ ಅಷ್ಟು ನೀಲಿಯಾಗಿರುವುದನ್ನು ಅವನು ಈ ಕೋಣೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಮಾತಾಡುವಾಗ ಒತ್ತಬೇಕಾದ ಗುಂಡಿಯ ಮೇಲೆ ಹೆಬ್ಬೆರಳಿಟ್ಟ.

ಮೊದಲ ಅರ್ಧ ಗಂಟೆ ಚೆನ್ನಾಗಿ ಹೋಯಿತು. ಒಂದು ಇಳಿಯಿತು, ಒಂದು ಹಾರಿತು, ಇನ್ನೊಂದು ಇಳಿಯಿತು. ಯಕ್ಷಿತಾ ಪಕ್ಕದ ಕೋಣೆಯಿಂದ ಒಂದು ವಿಮಾನಕ್ಕೆ ದಪ್ಪ ಗಂಡಸಿನ ಸ್ವರ, ಇನ್ನೊಂದಕ್ಕೆ ಮೂಗಿನ ಸ್ವರ ಹಚ್ಚುತ್ತಿದ್ದಳು. ದಪ್ಪ ಸ್ವರದವನು ಏರಬೇಕಾದ ಎತ್ತರವನ್ನು ತಪ್ಪಾಗಿ ತಿರುಗಿ ಹೇಳಿದ. ‘ನೆಗೆಟಿವ್’ ಎಂದ ಅಚಿಂತ್ಯ. ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಹಿಂದೆ ಮೇಡಂ ಏನೋ ಗುರುತು ಹಾಕಿಕೊಂಡ ಸದ್ದು ಕೇಳಿಸಿತು. ಯಾರೆಂದು ತಿಳಿಯದ ಮನುಷ್ಯನಿಗೆ ಇಲ್ಲ ಎನ್ನುವುದು ಇಷ್ಟು ಸುಲಭವೇ! ಅವನಿಗೆ ಹುಮ್ಮಸ್ಸು ಬಂತು. ಶನಿವಾರದ ಶಾಲಿನ ಬಣ್ಣ ಯಾವುದಿರಬಹುದು ಎಂದುಕೂಡ ಒಂದು ಕ್ಷಣ ಯೋಚಿಸಿದ.

ಮಲ್ಹಾರ್ ಎಂಬ ಹೆಸರಿನ ವಿಮಾನ ಇಳಿಯಲು ಬರುತ್ತಿತ್ತು. ಅದಕ್ಕೆ ಇಳಿಯುವ ಅಪ್ಪಣೆ ಕೊಟ್ಟಾಗಿತ್ತು. ಸಾರಸ್ ಎಂಬ ಇನ್ನೊಂದು, ಹಾರಲು ಬಂದು, ರನ್‌ವೇಯ ಗೆರೆಯ ಈಚೆ ನಿಂತಿತ್ತು. ಮಲ್ಹಾರ್ ಇಳಿದು ದಾಟುವವರೆಗೆ ಅದು ಅಲ್ಲೇ ನಿಲ್ಲಬೇಕು.

‘ಸಾರಸ್ ಫೋರ್ ಒನ್, ಹೋಲ್ಡ್ ಶಾರ್ಟ್, ರನ್‌ವೇ ಟೂ ಸೆವೆನ್’ ಎಂದ. ಗೆರೆಯ ಈಚೆಯೇ ನಿಲ್ಲು.

‘ಲೈನಿಂಗ್ ಅಪ್, ರನ್‌ವೇ ಟೂ ಸೆವೆನ್, ಸಾರಸ್ ಫೋರ್ ಒನ್’ ಎಂದು ಉತ್ತರ ಬಂತು. ರನ್‌ವೇ ಮೇಲೆ ಬರುತ್ತಿದ್ದೇನೆ.

ಈ ಸಲ ದಪ್ಪ ಸ್ವರವಲ್ಲ, ಮೂಗಿನ ಸ್ವರವೂ ಅಲ್ಲ. ಅವಳದೇ ಸ್ವರ. ದಹಿಸರ್‌ನಿಂದ ಫೋನಿನಲ್ಲಿ ಬರುತ್ತಿದ್ದುದು, ಪರೀಕ್ಷೆಗೆ ಮುಂಚೆ ಕ್ಯಾಂಟೀನಿನಲ್ಲಿ ‘ಎಂತಾದ್ರೂ ಹೇಳ್ಲಿಕ್ಕುಂಟಾ’ ಎಂದು ಕೇಳಿದ್ದು. ಅವನಿಗೆ ಮೊದಲು ಕೇಳಿಸಿದ್ದು ಸ್ವರ. ಮಾತು ಆಮೇಲೆ ಬಂತು. ಅಷ್ಟರಲ್ಲಿ ಅವನ ಹೆಬ್ಬೆರಳು ಗುಂಡಿಯನ್ನು ಒತ್ತಿತ್ತು.

‘ಹೂಂ’ ಎಂದ.

ಸಾರಸ್ ಕದಲಿತು. ಗೆರೆ ದಾಟಿತು.

ತಪ್ಪಾಯಿತೆಂದು ಅವನಿಗೆ ತಿಳಿಯಲಿಲ್ಲ ಎನ್ನುವ ಹಾಗಿಲ್ಲ. ಚೆನ್ನಾಗಿಯೇ ತಿಳಿಯಿತು. ಹೂಂ ಎಂಬುದಕ್ಕೂ ಉಹೂಂ ಎಂಬುದಕ್ಕೂ ಮಧ್ಯೆ ಇರುವುದು ಒಂದೇ ಅಕ್ಷರ. ಆ ಅಕ್ಷರವನ್ನು ಸೇರಿಸಲು ಇನ್ನೂ ಸಮಯವಿತ್ತು. ‘ನೆಗೆಟಿವ್’ ಎನ್ನಬಹುದಿತ್ತು. ಮಲ್ಹಾರಿಗೆ ಇಳಿಯಬೇಡ, ಮೇಲೆ ಹೋಗು ಎನ್ನಬಹುದಿತ್ತು. ಆ ಇಂಗ್ಲಿಷ್ ಪದಗಳೆಲ್ಲ ಅವನ ಬಾಯಲ್ಲಿ ಸಾಲಾಗಿ ನಿಂತಿದ್ದವು. ಆದರೆ ಹೂಂ ಎಂದಮೇಲೆ ಸಂಗತಿಗಳು ತಾವಾಗಿಯೇ ನಡೆದುಕೊಂಡು ಹೋಗುವುದನ್ನು ನೋಡುತ್ತ ನಿಲ್ಲುವುದು ಅವನಿಗೆ ಅಭ್ಯಾಸವಾಗಿತ್ತು. ಪೇಡಾ ಹಂಚುವುದನ್ನು ನೋಡಿದ್ದ. ಒಬ್ಬ ಹುಡುಗಿ ತನ್ನ ಮನೆಯಲ್ಲಿ ಊಟ ಬಿಡುವುದನ್ನು ದೂರದಿಂದ ನೋಡಿದ್ದ. ಈಗ ವಿಮಾನವೊಂದು ರನ್‌ವೇಯ ನಡುವೆ ಬಂದು, ಮೂಗು ತಿರುಗಿಸಿ, ನಿಲ್ಲುವುದನ್ನು ನೋಡಿದ.

‘ಟವರ್, ರನ್‌ವೇ ಮೇಲೆ ಯಾರೋ ಕಾಣಿಸ್ತಿದ್ದಾರೆ. ಇಳಿಯೋದು ಖಾತ್ರಿನಾ?’ ಎಂಬರ್ಥದ ಮಾತನ್ನು ಮಲ್ಹಾರ್ ಇಂಗ್ಲಿಷಿನಲ್ಲಿ ಕೇಳಿತು.

ಗುಂಡಿ ಒತ್ತಿದ. ‘ಸ್ಟ್ಯಾಂಡ್‌ಬೈ’ ಎಂದ.

ಸ್ವಲ್ಪ ತಾಳು ಎಂದರ್ಥ. ನಿಯಮದ ಪುಸ್ತಕದಲ್ಲಿ ಆ ಪದವಿದೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಹೂಂ ಎಂಬುದಕ್ಕೆ ಸರಕಾರಿ ಉಡುಪು ಹಾಕಿದರೆ ಸ್ಟ್ಯಾಂಡ್‌ಬೈ ಆಗುತ್ತದೆ.

ಹಿಂದಿನಿಂದ ಒಂದು ಕೈ ಬಂದು ಮೇಜಿನ ಮೇಲಿನ ಗುಂಡಿಯೊಂದನ್ನು ಒತ್ತಿತು. ಪರದೆ ಹಾಗೆಯೇ ಹೆಪ್ಪುಗಟ್ಟಿತು. ಮಲ್ಹಾರಿನ ಚಕ್ರಗಳು ನೆಲ ಮುಟ್ಟಿದ್ದವು. ಅದರ ಮೂಗು ಸಾರಸ್‌ನ ಬಾಲದಿಂದ ಒಂದು ಮಾರು ದೂರದಲ್ಲಿತ್ತು.

ಸ್ನೇಹಲ್ ಮೇಡಂ ರೆಕಾರ್ಡಿಂಗ್ ಹಾಕಿದರು. ‘ಹೂಂ’ ಎಂದಿತು ಪೆಟ್ಟಿಗೆ. ಅವರು ಮತ್ತೆ ಹಾಕಿದರು. ‘ಹೂಂ.’ ಸ್ಪಷ್ಟ ಕಂಠವೇ.

‘ಯೇ ಕ್ಯಾ ಹೈ, ಅಚಿಂತ್ಯ? ಯೆಸ್ ಹೈ, ಯಾ ನೋ ಹೈ?’

‘ಮೇಡಂ, ಅದು... ವೋ ಹಮಾರೇ ಕನ್ನಡ ಮೇ, ಸುನ್ ರಹಾ ಹೂಂ, ಐಸಾ...’

‘ಹಮಾರೇ ಮರಾಠೀ ಮೇ ಭೀ ಹೈ. ಹಂ ಬೋಲ್ತೇ ಹೈ’ ಎಂದರು ಮೇಡಂ. ‘ಚಪ್ಪಲ್ ಕೇ ಸಾಥ್ ಬಾಹರ್ ಛೋಡ್‌ಕೇ ಆತೀ ಹೂಂ ಮೈ.’

ಅವರ ಹಂ ದಿನಾ ಚಪ್ಪಲಿಯ ಜೊತೆ ಬಾಗಿಲ ಹೊರಗೇ ಉಳಿಯುತ್ತಿತ್ತಂತೆ.

‘ಅಸಲೀ ಪೈಲಟ್ ಹೋತಾ ತೋ ಖುದ್ ಊಪರ್ ಚಲಾ ಜಾತಾ, ಸಬ್ ಬಚ್ ಜಾತೇ. ತುಮ್ ವೋ ಭರೋಸೇ ಪೇ ಬೈಠೋಗೇ?’ ನಿಜವಾದ ಪೈಲಟ್ ತಾನಾಗಿ ಮೇಲೆ ಹೋಗಿ ಎಲ್ಲರನ್ನೂ ಉಳಿಸಿಯಾನು ಎಂದು ನಂಬಿ ಕೂರುತ್ತೀಯಾ ಎಂಬ ಪ್ರಶ್ನೆ ಅದು. ‘ಸಾರೀ, ಬೇಟಾ’ ಎಂದರು. ಆ ಬೇಟಾ ಎಂಬ ಪದ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅವರು ಹೊರಗೆ ಹೋದರು.

ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಯಕ್ಷಿತಾ ಹೆಡ್‌ಸೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು.

‘ನಿನ್ನ ಸ್ವರದಲ್ಲಿ ಯಾಕೆ ಹೇಳಿದೆ?’ ಎಂದು ಕೇಳಿದ.

‘ಗಂಟಲು ಬಿದ್ದು ಹೋಯ್ತು. ಎಷ್ಟು ಅಂತ ಗಂಡಸರ ಸ್ವರ ತೆಗೀಲಿ?’

‘ಹೂಂ ಅಂದಾಗ ತಿರುಗಿ ಕೇಳಬಹುದಿತ್ತು. ಸೇ ಅಗೇನ್ ಅನ್ನಬಹುದಿತ್ತು.’

‘ಕೇಳಬಹುದಿತ್ತು.’

‘ಮತ್ತೆ?’

‘ನೀನು ಹೂಂ ಅಂದೆ. ನಾನು ಹೌದು ಅಂತ ತಗೊಂಡೆ’ ಎಂದಳು ಯಕ್ಷಿತಾ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಒಂದು ಆಸರೆಯಾಗುತ್ತಿತ್ತು. ಅವಳು ಹೆಡ್‌ಸೆಟ್ಟನ್ನು ಮೇಜಿನ ಮೇಲಿಟ್ಟು ಹೋದಳು.

ಕೋಣೆಯಲ್ಲಿ ಅವನೊಬ್ಬನೇ ಉಳಿದ. ಏಸಿ ಸದ್ದು ಮಾಡುತ್ತಿತ್ತು. ಜೇಬಿನಲ್ಲಿ ಫೋನು ನಡುಗಿತು. ಅಪ್ಪ.

‘ಎಲ್ಲಿದ್ದೀಯೋ? ಸಂಘದವರು ಇಲ್ಲೇ ಬಂದು ಕೂತಿದಾರೆ. ಬ್ಯಾನರಿಗೆ ನಿನ್ನ ಫೋಟೋ ಬೇಕಂತೆ. ಮೈಕಿನ ಮುಂದೆ ಕೂತಿರೋದು. ಒಂದು ತೆಗೆಸಿ ಕಳಿಸು.’

‘ಅಪ್ಪ.’

‘ಹೇಳು.’

ಅಚಿಂತ್ಯ ಎದ್ದು ನಿಂತ. ಯಾಕೆ ನಿಂತನೋ ಅವನಿಗೇ ತಿಳಿಯದು. ಧ್ವನಿ ಪರೀಕ್ಷೆಯಲ್ಲಿ ಓದಿದಂತೆ ಒಂದೊಂದು ಪದವನ್ನೂ ಬಿಡಿಸಿ ಹೇಳಿದ:

‘ಅಪ್ಪ, ನಾನು ಫೇಲಾದೆ. ಇವತ್ತೊಂದೇ ಅಲ್ಲ, ಮೂರು ಸಲವೂ. ನಾನು ಕಂಟ್ರೋಲರ್ ಅಲ್ಲ. ಇನ್ನು ಆಗೋದೂ ಇಲ್ಲ.’

ಹೇಳಿಬಿಟ್ಟಿದ್ದ.  ಮೈ ಹಗುರವಾಗಿತ್ತು. ಇಷ್ಟೇ ಆಗಿದ್ದರೆ ಇಷ್ಟು ದಿನ ಯಾಕೆ ಬೇಕಾಯಿತು? ಇನ್ನು ಬೈಗುಳ ಬರಲಿ, ಅಳು ಬರಲಿ, ಏನು ಬಂದರೂ ಅದು ತಾನು ಆಡಿದ ಮಾತಿಗೆ ಬಂದ ಉತ್ತರವಾಗಿರುತ್ತದೆ. ಅವನು ಕಿವಿಯಾಗಿ ಕಾದ. ಆ ಕಡೆ ಲೋಟಗಳ ಸದ್ದು. ಯಾರೋ ನಕ್ಕರು. ಸಕ್ಕರೆ ಸಾಕೇ ಎಂದು ಅಮ್ಮ ಯಾರನ್ನೋ ಕೇಳುತ್ತಿದ್ದರು.

‘ಹೂಂ’ ಎಂದರು ಅಪ್ಪ.

‘ಅಪ್ಪ, ಕೇಳಿಸ್ತಾ?’

‘ಹೂಂ ಕಣೋ. ಕೇಳಿಸ್ತು.’

‘ನಾನು ಏನಂದೆ? ಒಂದ್ಸಲ ತಿರುಗಿ ಹೇಳಿ.’

  ಶಾಮಣ್ಣನವರು ಧ್ವನಿ ತಗ್ಗಿಸಿ, ‘ಜನ ಕೂತಿದಾರೆ, ಅಚಿಂತ್ಯ’ ಎಂದರು. ಮತ್ತೆ, ಕೂತವರಿಗೂ ಕೇಳಿಸುವಂತೆ, ‘ಫೋಟೋ ಮಾತ್ರ ಮರೀಬೇಡ’ ಎಂದು ಫೋನಿಟ್ಟರು.

ಅವನು ಫೋನನ್ನು ಜೇಬಿಗಿಟ್ಟ.

ಪರದೆಯ ಮೇಲೆ ಎರಡು ವಿಮಾನಗಳೂ ಹಾಗೆಯೇ ಇದ್ದವು, ಮುಟ್ಟಲು ಒಂದು ಮಾರು ಬಾಕಿ. ಹಿಂದಿನ ಎರಡು ಸಲವೂ ಪರದೆ ಹೀಗೆ ನಿಂತಲ್ಲಿಗೇ ಎಲ್ಲ ಮುಗಿದಿತ್ತು. ಅದರ ಮುಂದೆ ಏನಾಗುತ್ತದೆ ಎಂದು ಅವನು ನೋಡಿರಲಿಲ್ಲ. ನೋಡಬೇಕು ಅನ್ನಿಸಿತು. ಬೆಂಕಿ ಬೇಕೆನ್ನಿಸಿತು, ಸದ್ದು ಬೇಕೆನ್ನಿಸಿತು, ಏನಾದರೂ ಒಂದು ಮುರಿದು ಬೀಳುವುದು ಬೇಕೆನ್ನಿಸಿತು. ಮೇಡಂ ಒತ್ತಿದ್ದ ಗುಂಡಿಯನ್ನು ತಾನೇ ಒತ್ತಿದ.

ಮಲ್ಹಾರ್ ಮುಂದೆ ನುಗ್ಗಿತು. ಅದರ ಮೂಗು ಸಾರಸ್‌ನ ಬಾಲದೊಳಕ್ಕೆ ಹೋಯಿತು. ಸದ್ದಾಗಲಿಲ್ಲ. ರೆಕ್ಕೆ ರೆಕ್ಕೆಯೊಳಗೆ ಮುಳುಗಿತು. ಕಿಟಕಿಗಳ ಸಾಲು ಕಿಟಕಿಗಳ ಸಾಲಿನೊಳಗಿಂದ ಹಾದು ಆ ಕಡೆಯಿಂದ ಹೊರಗೆ ಬಂತು. ಒಂದು ಗೀರೂ ಇರಲಿಲ್ಲ. ಸಿಮ್ಯುಲೇಟರಿನವರು ಡಿಕ್ಕಿಯನ್ನು ಬರೆದೇ ಇರಲಿಲ್ಲ. ಮಲ್ಹಾರ್ ವೇಗ ತಗ್ಗಿಸಿ, ಎಡಕ್ಕೆ ತಿರುಗಿ, ತನ್ನ ಪಾಡಿಗೆ ತಾನು ಹೋಯಿತು.

ಸಾರಸ್ ರನ್‌ವೇಯ ನಡುವೆ ಹಾಗೆಯೇ ನಿಂತಿತ್ತು, ಹಾರಲು ಯಾರಾದರೂ ಅಪ್ಪಣೆ ಕೊಡಲೆಂದು. ಅದನ್ನು ನಡೆಸುವವರು ಈಗ ಪಕ್ಕದ ಕೋಣೆಯಲ್ಲಿರಲಿಲ್ಲ. ಆದರೆ ಇಳಿಯಬೇಕಾದ ವಿಮಾನಗಳನ್ನೆಲ್ಲ ಯಂತ್ರದಲ್ಲಿ ಮೊದಲೇ ಹಾಕಿಟ್ಟಿರುತ್ತಾರೆ. ನೀಲಿ ಆಕಾಶದ ತುದಿಯಲ್ಲಿ ಇನ್ನೊಂದು ದೀಪ ಕಾಣಿಸಿತು. ಅದು ದೊಡ್ಡದಾಗುತ್ತ ಬಂದು, ಇಳಿದು, ಸಾರಸ್‌ನ ಮೈಯೊಳಗಿಂದ ಹಾದುಹೋಯಿತು. ಅದರ ಹಿಂದೆ ಮತ್ತೊಂದು ಬರುತ್ತಿತ್ತು.